ಇಪ್ಪತ್ತನಾಲ್ಕು ಬಿಲ್ಲೆಗಳೋ, ಆರು ಬಣ್ಣಗಳೋ?

ಬಾಳೆಯ ಹಣ್ಣಿನ ಬಣ್ಣ ಯಾವುದೆಂದು ಯಾವ ಶಾಲೆಯಲ್ಲಿ ಕೇಳಿದರೂ ‘ಹಳದಿ’ ಎಂಬ ಉತ್ತರವೇ ಬರುವುದು. ಬಾಲಬೋಧೆಯ ಚಿತ್ರದಲ್ಲಿ ಅದು ಹಳದಿ. ತರಗತಿಯ ಗೋಡೆಗೆ ತೂಗುಹಾಕಿದ ಪಟದಲ್ಲಿಯೂ ಹಳದಿ. ಆದರೆ ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ದಾರಿಯಲ್ಲಿರುವ ಕಮಲಾಪುರದಲ್ಲಿ ಇದೇ ಪ್ರಶ್ನೆಯನ್ನು ಕೇಳಿದರೆ ಮಕ್ಕಳು ಒಂದು ಕ್ಷಣ ಯೋಚಿಸಬೇಕಾಗುವುದು. ಭೌಗೋಳಿಕ ಸೂಚಕದ ಮನ್ನಣೆಯನ್ನು ಪಡೆದಿರುವ ಅಲ್ಲಿಯ ಬಾಳೆಯ ಸಿಪ್ಪೆ ಕೆಂಪು. ಅದೂ ಕುಂಕುಮದ ಕೆಂಪಲ್ಲ, ದಾಸವಾಳದ ಕೆಂಪೂ ಅಲ್ಲ. ಒಳಗೆಲ್ಲೋ ಕತ್ತಲೆಯನ್ನು ಇಟ್ಟುಕೊಂಡಂತಹ ಗಾಢವಾದ ಕೆಂಪು.

ಈ ಕೆಂಪನ್ನು ಕಾಗದದ ಮೇಲೆ ತರಬೇಕೆಂದು ನಾವು ಒಮ್ಮೆ 24 ಬಿಲ್ಲೆಗಳ ಜಲವರ್ಣದ ಪೆಟ್ಟಿಗೆಯೊಂದಿಗೆ ಕಮಲಾಪುರಕ್ಕೆ ಹೋಗಿದ್ದೆವು. ಪೆಟ್ಟಿಗೆಯಲ್ಲಿ ಕೆಂಪಿನ ಬಿಲ್ಲೆಗಳೇ ಮೂರಿದ್ದವು. ಒಂದನ್ನು ಹಚ್ಚಿದರೆ ಹಣ್ಣು ಟೊಮೇಟೊವಿನಂತೆ ಕಂಡಿತು, ಇನ್ನೊಂದರಿಂದ ಗುಲಾಬಿಯ ಮೊಗ್ಗಿನಂತಾಯಿತು, ಮೂರನೆಯದರಿಂದ ಇಟ್ಟಿಗೆಯಂತಾಯಿತು. ಬಣ್ಣವನ್ನು ಗಾಢಗೊಳಿಸೋಣವೆಂದು ಕಪ್ಪನ್ನು ಬೆರೆಸಿದೆವು. ಹಣ್ಣು ಸುಟ್ಟುಹೋದಂತೆ ಕಂಡಿತು. ಕೊನೆಗೆ, ಎಲೆಗೆ ಹಚ್ಚುತ್ತಿದ್ದ ಹಸುರು ಕುಂಚದಲ್ಲಿ ಉಳಿದಿದ್ದುದನ್ನು ಗಮನಿಸದೆ ಅದನ್ನೇ ಕೆಂಪಿನಲ್ಲಿ ಅದ್ದಿದಾಗ, ಬೇಕಾದ ಬಣ್ಣವು ತಾನಾಗಿ ಒದಗಿ ಬಂದಿತು!

ಇದು ಆಕಸ್ಮಿಕವೆ? ಅಲ್ಲ. ಕೆಂಪು ಬಾಳೆಯ ಸಿಪ್ಪೆಯಲ್ಲಿ ಆಂಥೋಸಯನಿನ್ ಎಂಬ ಕೆಂಪು ದ್ರವ್ಯವೂ ಎಲೆಗಳಲ್ಲಿರುವ ಕ್ಲೋರೋಫಿಲ್ ಎಂಬ ಹಸುರು ದ್ರವ್ಯವೂ ಒಟ್ಟಿಗೆ ಇರುತ್ತವೆ. ಕೆಂಪು ದ್ರವ್ಯವು ಹಸುರು ಬೆಳಕನ್ನು ಹೀರಿಕೊಳ್ಳುವುದು; ಹಸುರು ದ್ರವ್ಯವು ಕೆಂಪು ಬೆಳಕಿನ ಬಹುಭಾಗವನ್ನು ಹೀರಿಕೊಳ್ಳುವುದು. ಎರಡನ್ನೂ ತಪ್ಪಿಸಿಕೊಂಡು ನಮ್ಮ ಕಣ್ಣಿಗೆ ಬರುವ ಬೆಳಕು ಅತ್ಯಲ್ಪ. ಆದುದರಿಂದಲೇ ಆ ಗಾಢತೆ. ಹಣ್ಣು ಮಾಗಿದಂತೆ ಕ್ಲೋರೋಫಿಲ್ ಕರಗುತ್ತ ಹೋಗಿ, ಕೆಂಪು ತಿಳಿಯಾಗಿ ಕಿತ್ತಳೆಯ ಕಡೆಗೆ ತಿರುಗುವುದು. ನಾವು ಕುಂಚದಿಂದ ಅರಿಯದೆ ಮಾಡಿದ್ದನ್ನು ಗಿಡವು ಮೊದಲೇ ಮಾಡಿಟ್ಟಿತ್ತು.

ಈ ಪ್ರಸಂಗದಿಂದ ನಮ್ಮಲ್ಲಿ ಒಂದು ಅಭಿಪ್ರಾಯವು ದೃಢವಾಯಿತು. ವಿದ್ಯಾರ್ಥಿಗಳ ಕೈಗೆ 24 ಬಿಲ್ಲೆಗಳ ಪೆಟ್ಟಿಗೆಯನ್ನು ಕೊಡುವುದು ಔದಾರ್ಯದಂತೆ ಕಂಡರೂ ವಾಸ್ತವವಾಗಿ ಅವರಿಂದ ಒಂದು ವಿದ್ಯೆಯನ್ನು ಕಸಿದುಕೊಂಡಂತೆ. ಬಣ್ಣವು ಸಿದ್ಧವಾಗಿ ಕೈಗೆ ಸಿಕ್ಕಿದರೆ ಕಣ್ಣು ದುಡಿಯುವುದಿಲ್ಲ. ಮಣ್ಣೆಂದರೆ ಕಂದು, ಆಕಾಶವೆಂದರೆ ನೀಲಿ, ಬಾಳೆಯೆಂದರೆ ಹಳದಿ ಎಂಬ ಮೂರು ಸುಳ್ಳುಗಳನ್ನು ಕಲಿತು ಹುಡುಗನು ಚಿತ್ರಕಲೆಯ ಪರೀಕ್ಷೆಯಲ್ಲಿ ಉತ್ತೀರ್ಣನಾಗಿಬಿಡಬಹುದು. ಆದರೆ ತನ್ನ ಊರಿನ ಮಣ್ಣನ್ನು ಅವನು ನೋಡಿಯೇ ಇರುವುದಿಲ್ಲ. ನೋಡದೆ ಬರೆಯುವ ಅಭ್ಯಾಸವು ಚಿತ್ರಕಲೆಯಲ್ಲಿ ಎಷ್ಟು ಕೆಡುಕೋ, ವಿಜ್ಞಾನದಲ್ಲಿ ಅದಕ್ಕಿಂತ ಹೆಚ್ಚಿನ ಕೆಡುಕು.

ಹಾಗಾದರೆ ಎಷ್ಟು ಬಣ್ಣಗಳು ಬೇಕು? ಕೆಂಪು, ಹಳದಿ, ನೀಲಿ ಎಂಬ ಮೂರು ಮೂಲವರ್ಣಗಳಿಂದ ಉಳಿದೆಲ್ಲವೂ ಹುಟ್ಟುವುವೆಂದು ಶಾಲೆಗಳಲ್ಲಿ ಬೋಧಿಸುತ್ತಾರೆ. 18ನೆಯ ಶತಮಾನದ ಆದಿಭಾಗದಲ್ಲಿ ಲೆ ಬ್ಲಾನ್ ಎಂಬ ಕಲಾವಿದನು ಈ ಮೂರೇ ಬಣ್ಣಗಳ ಫಲಕಗಳಿಂದ ವರ್ಣಚಿತ್ರಗಳನ್ನು ಮುದ್ರಿಸಿ ತೋರಿಸಿದನು. ಇಂದಿನ ಮುದ್ರಣಾಲಯಗಳೂ ಹಳದಿ, ಮೆಜೆಂಟಾ, ಸಯಾನ್, ಕಪ್ಪು ಎಂಬ ನಾಲ್ಕೇ ಶಾಯಿಗಳಿಂದ ಕ್ಯಾಲೆಂಡರುಗಳನ್ನು ಅಚ್ಚುಹಾಕುತ್ತವೆ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿದ ಚಿತ್ರಕಾರ ಎಸ್. ಎಂ. ಪಂಡಿತರ ಹೆಸರು ಮನೆಮನೆಗೂ ಮುಟ್ಟಿದ್ದು ಕ್ಯಾಲೆಂಡರುಗಳ ಮೂಲಕವೇ ಎಂಬುದನ್ನು ಇಲ್ಲಿ ಸ್ಮರಿಸಬಹುದು. ಕಲಾವಿದನ ಹಲಗೆಯ ಮೇಲಿನ ನೂರು ಛಾಯೆಗಳನ್ನು ನಾಲ್ಕು ಶಾಯಿಗಳು ನಮ್ಮ ಗೋಡೆಗೆ ತರಬಲ್ಲುವಾದರೆ, 24 ಬಿಲ್ಲೆಗಳು ಅನಿವಾರ್ಯವೆಂಬ ಮಾತಿಗೆ ಆಧಾರವೆಲ್ಲಿ?

ಆದರೆ ‘ನೀಲಿ’ ಎಂದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಯಾವ ನೀಲಿ ಎಂಬುದೇ ಮುಖ್ಯವಾದ ಪ್ರಶ್ನೆ. ಅಂಗಡಿಯಲ್ಲಿ ದೊರೆಯುವ ಯಾವ ವರ್ಣದ್ರವ್ಯವೂ ಒಂದೇ ಬಣ್ಣದ ಬೆಳಕನ್ನು ಪ್ರತಿಫಲಿಸುವುದಿಲ್ಲ. ಅಲ್ಟ್ರಾಮರೀನ್ ನೀಲಿಯು ನೀಲಿ ಬೆಳಕಿನೊಂದಿಗೆ ನೇರಳೆಯನ್ನೂ ಕಿಂಚಿತ್ ಕೆಂಪನ್ನೂ ಹಿಂದಿರುಗಿಸುವುದು. ಹಸುರನ್ನು ಬಹಳ ಕಡಮೆ. ಥ್ಯಾಲೋ ನೀಲಿಯಾದರೋ ನೀಲಿಯ ಸಂಗಡ ಹಸುರನ್ನೂ ಧಾರಾಳವಾಗಿ ಹಿಂದಿರುಗಿಸುವುದು. ಈಗ ಇವೆರಡಕ್ಕೂ ಬೇರೆ ಬೇರೆಯಾಗಿ ನಿಂಬೆ ಹಳದಿಯನ್ನು ಬೆರೆಸಿ ನೋಡಿರಿ. ಮಿಶ್ರಣದಿಂದ ಹೊರಬರುವುದು ಎರಡು ದ್ರವ್ಯಗಳೂ ಹೀರದೆ ಬಿಟ್ಟ ಬೆಳಕು ಮಾತ್ರ. ಥ್ಯಾಲೋ ನೀಲಿಯೊಡನೆ ಹಸುರು ಉಳಿಯುವುದರಿಂದ ಬಾಳೆಯ ಎಳೆಯ ಎಲೆಯ ಥಳಥಳಿಸುವ ಹಸುರು ದೊರೆಯುವುದು. ಅಲ್ಟ್ರಾಮರೀನಿನೊಡನೆ ಹಸುರಿನ ಬಹುಭಾಗವು ನಷ್ಟವಾಗುವುದರಿಂದ ಮಂದವಾದ ಹಸುರು ದೊರೆಯುವುದು. ಅದಕ್ಕೆ ಓಕರ್ ಎಂಬ ಹಳದಿ ಮಣ್ಣನ್ನು ಸೇರಿಸಿದರೆ ತೊಗರಿಯ ಹೊಲದ ಮಾಸಲು ಹಸುರು ಸಿದ್ಧವಾಯಿತು. ಮಂದತೆಯು ಇಲ್ಲಿ ದೋಷವಲ್ಲ. ಕಲಬುರಗಿಯ ಹೊಲಗಳು ಕೇಳುವುದು ಅದನ್ನೇ.

ಈ ವಿಚಾರದಿಂದ ನಾವು ಆರು ಬಣ್ಣಗಳನ್ನು ಸೂಚಿಸುತ್ತೇವೆ: ನಿಂಬೆ ಹಳದಿ, ಯೆಲ್ಲೋ ಓಕರ್, ಬರ್ನ್ಟ್ ಸಿಯೆನ್ನಾ, ಕ್ವಿನಾಕ್ರಿಡೋನ್ ಗುಲಾಬಿ, ಅಲ್ಟ್ರಾಮರೀನ್ ನೀಲಿ, ಥ್ಯಾಲೋ ನೀಲಿ. ಆರರಿಂದ ಎರಡೆರಡನ್ನು ಆರಿಸುವ ಕ್ರಮಗಳು 15 ಎಂಬುದನ್ನು ಗಣಿತದ ವಿದ್ಯಾರ್ಥಿಗಳು ಬಲ್ಲರು. ಪ್ರತಿಯೊಂದು ಜೋಡಿಯನ್ನು ಐದು ಪ್ರಮಾಣಗಳಲ್ಲಿ ಬೆರೆಸಿದರೆ 75 ಛಾಯೆಗಳಾದುವು. ಮೂರು ಮೂರರ ಮಿಶ್ರಣಗಳನ್ನೂ, ನೀರಿನ ಹೆಚ್ಚು ಕಡಮೆಯನ್ನೂ ಲೆಕ್ಕಕ್ಕೆ ಹಿಡಿದರೆ ಈ ಸಂಖ್ಯೆ ಎಲ್ಲಿಗೋ ಹೋಗುವುದು.

ಇವುಗಳಲ್ಲಿ ಎರಡು ಬಣ್ಣಗಳು ನಮ್ಮ ಕಾಲ ಕೆಳಗಿನ ನೆಲಕ್ಕೆ ಸಂಬಂಧಪಟ್ಟವು. ಓಕರ್ ಎಂಬುದು ನೀರಿನ ಅಂಶವನ್ನು ಕೂಡಿಕೊಂಡ ಕಬ್ಬಿಣದ ಆಕ್ಸೈಡು; ಅದರ ಖನಿಜಕ್ಕೆ ಗೋಯಥೈಟ್ ಎಂದು ಹೆಸರು. ಅದನ್ನು ಸುಮಾರು 300 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಸಿದರೆ ನೀರು ಬಿಟ್ಟುಹೋಗಿ ಹೆಮಟೈಟ್ ಎಂಬ ಕೆಂಪು ಆಕ್ಸೈಡು ಉಳಿಯುವುದು. ಸಿಯೆನ್ನಾ ಎಂಬ ಮಣ್ಣನ್ನು ಸುಟ್ಟು ಬರ್ನ್ಟ್ ಸಿಯೆನ್ನಾ ಮಾಡುವುದರ ಗುಟ್ಟು ಇಷ್ಟೆ. ಹುಮನಾಬಾದು, ಬೀದರುಗಳ ಎತ್ತರದ ನೆಲದಲ್ಲಿ ಹರಡಿರುವ ಕೆಂಪು ಲ್ಯಾಟರೈಟ್ ಕಲ್ಲಿಗೆ ಬಣ್ಣ ಕೊಟ್ಟಿರುವುದೂ ಇದೇ ಕಬ್ಬಿಣ. ಹಳದಿ ಮಣ್ಣಿನ ಪುಡಿಯನ್ನು ಮೂಸೆಯಲ್ಲಿಟ್ಟು ಬರ್ನರಿನ ಮೇಲೆ ಕಾಸಿ, ಅದು ಕೆಂಪಾಗುವುದನ್ನು ಅಧ್ಯಾಪಕರ ಸಮ್ಮುಖದಲ್ಲಿ ಯಾವ ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿಯಾದರೂ ನೋಡಬಹುದು. ರಸಾಯನಶಾಸ್ತ್ರದ ಸಮೀಕರಣವೊಂದು ಕಣ್ಣೆದುರಿಗೆ ಬಣ್ಣ ಬದಲಾಯಿಸುವುದನ್ನು ಕಂಡ ವಿದ್ಯಾರ್ಥಿಯು ಅದನ್ನು ಮರೆಯಲಾರ.

ಕಲಬುರಗಿಯ ಸುತ್ತಲಿನ ಎರೆಯ ನೆಲಕ್ಕೆ ಕಪ್ಪು ಬಿಲ್ಲೆ ಬೇಡವೆ ಎಂದು ಕೆಲವರು ಕೇಳಬಹುದು. ಬೇಡವೆಂದೇ ನಮ್ಮ ಉತ್ತರ. ಎರೆಮಣ್ಣು ಕಪ್ಪೆಂದು ಹೆಸರಾಗಿದ್ದರೂ ಒಣಗಿದಾಗ ಅದು ಬೂದು. ಮಳೆ ಬಿದ್ದಾಗ ಕಂದು ಬೆರೆತ ಕಪ್ಪು. ಇಳಿಹೊತ್ತಿನಲ್ಲಿ ತುಸು ನೇರಳೆ. ಬರ್ನ್ಟ್ ಸಿಯೆನ್ನಾ ಮತ್ತು ಅಲ್ಟ್ರಾಮರೀನ್ ಪರಸ್ಪರ ಪೂರಕ ವರ್ಣಗಳಿಗೆ ಸಮೀಪವಾದವು. ಒಂದು ಬಿಟ್ಟುದನ್ನು ಇನ್ನೊಂದು ಹೀರಿಕೊಳ್ಳುವುದರಿಂದ ಅವುಗಳ ಮಿಶ್ರಣವು ಕಪ್ಪಿಗೆ ಹತ್ತಿರ ಬರುವುದು. ಸಿಯೆನ್ನಾ ಹೆಚ್ಚಾದರೆ ಹದಗೊಂಡ ಎರೆಮಣ್ಣು. ನೀಲಿ ಹೆಚ್ಚಾಗಿ ನೀರೂ ಹೆಚ್ಚಾದರೆ ಶಹಾಬಾದಿನ ಹಾಸುಗಲ್ಲು. ಇನ್ನಷ್ಟು ತೆಳುವಾದರೆ 1367ರಲ್ಲಿ ಕಟ್ಟಿದ ಕೋಟೆಯೊಳಗಿನ ಜಾಮಿ ಮಸೀದಿಯ ಗುಮ್ಮಟಗಳ ಮೇಲೆ ಬೀಳುವ ನೆರಳು. ಎರಡೇ ಬಣ್ಣಗಳಿಂದ ಒಂದು ಊರಿನ ಅರ್ಧ ಭಾಗವು ಕಾಗದಕ್ಕೆ ಬಂದಿತು. ಬಿಳಿಯ ಬಿಲ್ಲೆಯೂ ಅನಾವಶ್ಯಕ. ಜಲವರ್ಣದಲ್ಲಿ ಬೆಳಕು ತೆಳುವಾದ ಬಣ್ಣವನ್ನು ಹಾದು, ಕಾಗದವನ್ನು ಮುಟ್ಟಿ ಹಿಂದಿರುಗುವುದರಿಂದ ಕಾಗದವೇ ಬಿಳುಪು.

ಕಮಲಾಪುರದ ಹಣ್ಣನ್ನು ಈ ಆರರಿಂದ ಬರೆಯುವ ಕ್ರಮವನ್ನೂ ಹೇಳಿಬಿಡುತ್ತೇವೆ. ನಿಂಬೆ ಹಳದಿ ಮತ್ತು ಥ್ಯಾಲೋ ನೀಲಿಗಳ ತೆಳುವಾದ ಹಸುರನ್ನು ಮೊದಲು ಹಚ್ಚಿ ಚೆನ್ನಾಗಿ ಒಣಗಲು ಬಿಡಬೇಕು. ಅನಂತರ ಕ್ವಿನಾಕ್ರಿಡೋನ್ ಗುಲಾಬಿಗೆ ಬರ್ನ್ಟ್ ಸಿಯೆನ್ನಾ ಸೇರಿಸಿ ಅದರ ಮೇಲೆ ಒಂದೇ ಸಲ ಎಳೆಯಬೇಕು. ಮಾಗಿದ ಹಣ್ಣಾದರೆ ಕೆಳಗಿನ ಹಸುರಿಗೆ ಬದಲಾಗಿ ಓಕರ್ ಸಾಕು. ಮೇ ತಿಂಗಳಲ್ಲಿ 40 ಡಿಗ್ರಿಯನ್ನು ಮೀರುವ ಬಿಸಿಲಿನಲ್ಲಿ ಬಣ್ಣವು ಹಲಗೆಯ ಮೇಲೆಯೇ ಒಣಗುವುದರಿಂದ, ಬೇಕಾದಷ್ಟನ್ನು ಮೊದಲೇ ಬೆರೆಸಿಟ್ಟುಕೊಳ್ಳುವುದು ಲೇಸು.

ನಮ್ಮ ಮಾತಿಗೆ ಆಕ್ಷೇಪಣೆಗಳಿಲ್ಲದೆ ಇಲ್ಲ. ಆರು ಬಣ್ಣಗಳಿಂದ ಎಲ್ಲವೂ ಸಾಧ್ಯವೆಂದು ಹೇಳಿದರೆ ಅದು ಅತಿಶಯೋಕ್ತಿಯಾದೀತು. ಬೆರೆಸಿದಂತೆಲ್ಲ ಬಣ್ಣದ ತೇಜಸ್ಸು ಕುಂದುವುದು ನಿಯಮ. ಬೇಸಗೆಯಲ್ಲಿ ರಸ್ತೆಯ ಬದಿಯಲ್ಲಿ ಹೊತ್ತಿ ಉರಿಯುವಂತೆ ಅರಳುವ ಗುಲ್‌ಮೊಹರಿನ ಹೂವನ್ನು ಈ ಆರರಿಂದ ಪೂರ್ಣವಾಗಿ ಹಿಡಿಯಲಾಗದು. ಅಂತಹ ಅಗತ್ಯ ಬಿದ್ದಾಗ ಏಳನೆಯ ಬಣ್ಣವನ್ನು ಕೊಳ್ಳಬಹುದು. ಆದರೆ ಅದು ಏತಕ್ಕೆ ಬೇಕೆಂಬುದನ್ನು ತಿಳಿದು ಕೊಳ್ಳುವುದು ಬೇರೆ, ಪೆಟ್ಟಿಗೆಯಲ್ಲಿ ಬಂದಿತೆಂದು ಇಟ್ಟುಕೊಳ್ಳುವುದು ಬೇರೆ.

ಉತ್ತಮ ದರ್ಜೆಯ ಟ್ಯೂಬುಗಳಿಗೆ ಬೆಲೆ ಹೆಚ್ಚೆಂಬುದು ಎರಡನೆಯ ಆಕ್ಷೇಪಣೆ. ಇದು ನಿಜ, ಬಡ ವಿದ್ಯಾರ್ಥಿಗಳ ಮಟ್ಟಿಗೆ ಕಠಿಣವಾದ ನಿಜ. ಆದರೆ ಅಗ್ಗದ ಪೆಟ್ಟಿಗೆಗಳಲ್ಲಿ ವರ್ಣದ್ರವ್ಯವು ಕಡಮೆಯಾಗಿ, ಬೆಳ್ಳಗಿನ ತುಂಬುಪುಡಿ ಹೆಚ್ಚಾಗಿರುವುದುಂಟು. ಬೆರೆಸಿದೊಡನೆ ಕೆಸರಾಗುವುದು ಬಹುಮಟ್ಟಿಗೆ ಅದರಿಂದಲೇ. ಮಣ್ಣಿನ ಬಣ್ಣಗಳೂ ಅಲ್ಟ್ರಾಮರೀನೂ ಎಲ್ಲ ದರ್ಜೆಯಲ್ಲಿಯೂ ಹೆಚ್ಚು ಬೆಲೆಯವಲ್ಲ. ಒಂದು ಕಾಲದಲ್ಲಿ ಆಫ್ಘಾನಿಸ್ಥಾನದ ಬದಕ್ಷಾನಿನಿಂದ ಬರುತ್ತಿದ್ದ ಲಾಜವರ್ದದ ಕಲ್ಲನ್ನು ಅರೆದು ಮಾಡುತ್ತಿದ್ದ, ಚಿನ್ನದ ಬೆಲೆಯ ಅಲ್ಟ್ರಾಮರೀನು 1828ರಲ್ಲಿ ಪ್ರಕಟವಾದ ಕೃತಕ ವಿಧಾನದಿಂದಾಗಿ ಇಂದು ವಿದ್ಯಾರ್ಥಿಯ ಕೈಗೆ ಎಟಕುವಂತಾಗಿದೆ. ತಿಂಗಳಿಗೆ ಒಂದರಂತೆ ಕೊಂಡರೆ ಆರು ತಿಂಗಳಲ್ಲಿ ಹಲಗೆ ತುಂಬುವುದು; ಆ ತಿಂಗಳೆಲ್ಲ ಒಂದೊಂದು ಬಣ್ಣದ ಸ್ವಭಾವವೂ ಪರಿಚಯವಾಗುವುದು.

ಮೂರನೆಯದು ಬಾಳಿಕೆಯ ಪ್ರಶ್ನೆ. 1868ರಲ್ಲಿ ಮೊದಲು ಕೃತಕವಾಗಿ ತಯಾರಾದ ಅಲಿಜರಿನ್ ದ್ರವ್ಯದಿಂದ ಮಾಡುವ ಕ್ರಿಮ್‌ಸನ್ ನೋಡಲು ಬಹು ಸುಂದರ; ಆದರೆ ಬೆಳಕಿಗೆ ಮಾಸುವುದು. ಕಿಟಕಿಯ ಎದುರಿಗೆ ತೂಗುಹಾಕಿದ ನಮ್ಮ ಚಿತ್ರವೊಂದರಲ್ಲಿ ಸಂಜೆಯ ಕೆಂಪೆಲ್ಲ ಹಾರಿಹೋಗಿ ಬೂದು ಮೋಡಗಳು ಮಾತ್ರ ಉಳಿದುವು. ಅದಕ್ಕಾಗಿಯೇ, 1958ರಿಂದ ಮಾರುಕಟ್ಟೆಗೆ ಬಂದ ಕ್ವಿನಾಕ್ರಿಡೋನನ್ನು ಸೂಚಿಸಿದ್ದೇವೆ. ನಮ್ಮ ಮಾತನ್ನು ನಂಬಬೇಕಾಗಿಲ್ಲ. ಬಣ್ಣದ ಪಟ್ಟಿಗಳನ್ನು ಎಳೆದು, ಅರ್ಧಕ್ಕೆ ದಪ್ಪ ರಟ್ಟನ್ನು ಮುಚ್ಚಿ, ಮೂರು ತಿಂಗಳು ಬಿಸಿಲು ಬೀಳುವ ಕಿಟಕಿಯಲ್ಲಿಟ್ಟು, ಆಮೇಲೆ ರಟ್ಟನ್ನು ತೆಗೆದು ನೋಡಿರಿ.

ಆದುದರಿಂದ ನಮ್ಮ ಸೂಚನೆಗಳು ಎರಡು. ಬಣ್ಣ ತಯಾರಿಸುವವರು ವಿದ್ಯಾರ್ಥಿಗಳ ಪೆಟ್ಟಿಗೆಗಳ ಮೇಲೂ ಪ್ರತಿಯೊಂದು ಬಣ್ಣದೊಳಗಿನ ವರ್ಣದ್ರವ್ಯದ ಸಂಖ್ಯೆಯನ್ನು ಮುದ್ರಿಸಬೇಕು. ಕಲಾವಿದರ ಟ್ಯೂಬುಗಳ ಮೇಲೆ ಅಲ್ಟ್ರಾಮರೀನಿಗೆ ಪಿ.ಬಿ. 29 ಎಂದೂ, ಮಾಸುವ ಅಲಿಜರಿನ್ನಿಗೆ ಪಿ.ಆರ್. 83 ಎಂದೂ ಗುರುತುಗಳಿರುತ್ತವೆ. ಹುಡುಗರಿಗೆ ‘ಕೆಂಪು’, ‘ನೀಲಿ’ ಎಂಬಷ್ಟೇ ಸಾಕೆಂದು ಭಾವಿಸಲು ಕಾರಣವಿಲ್ಲ. ಎರಡನೆಯದಾಗಿ, ವರ್ಣಮಿಶ್ರಣವನ್ನು ಚಿತ್ರಕಲೆಯ ಗಂಟೆಗೆ ಮಾತ್ರ ಬಿಡದೆ ವಿಜ್ಞಾನದ ಪ್ರಯೋಗಶಾಲೆಗೂ ತರಬೇಕು. ಪ್ರಿಸಮ್ಮಿನಿಂದ ಬೆಳಕನ್ನು ಒಡೆದು ತೋರಿಸುವ ಅಧ್ಯಾಪಕರೇ, ಎರಡು ನೀಲಿಗಳು ಒಂದೇ ಹಳದಿಯೊಡನೆ ಎರಡು ಬೇರೆ ಹಸುರುಗಳನ್ನು ಏಕೆ ಕೊಡುತ್ತವೆಂದು ಕೇಳಲಿ. ಉತ್ತರವನ್ನು ಕಂಡುಕೊಂಡ ವಿದ್ಯಾರ್ಥಿಗೆ ಬೆಳಕಿನ ಪಾಠವು ಬಾಯಿಪಾಠವಾಗಿ ಉಳಿಯಲಾರದು.

ಮುಂದಿನ ರಜೆಯಲ್ಲಿ ವಿದ್ಯಾರ್ಥಿಮಿತ್ರರು ಆರು ಬಣ್ಣಗಳನ್ನೂ ಒಂದು ಬಿಳಿಯ ತಟ್ಟೆಯನ್ನೂ ತೆಗೆದುಕೊಂಡು ತಮ್ಮ ಊರಿನ ಮಣ್ಣಿನ ಮುಂದೆ ಕುಳಿತುಕೊಳ್ಳಲಿ. ಮೊದಲ ಪ್ರಯತ್ನದಲ್ಲಿ ಬಣ್ಣ ತಪ್ಪುವುದು, ಎರಡನೆಯದರಲ್ಲಿಯೂ ತಪ್ಪಬಹುದು. ಎಲ್ಲಿ ತಪ್ಪಿತು, ಯಾವುದು ಹೆಚ್ಚಾಯಿತು, ಯಾವುದು ಕಡಮೆಯಾಯಿತು ಎಂದು ತಟ್ಟೆಯ ಅಂಚಿನಲ್ಲಿ ಬೆರೆಸುತ್ತ ಬೆರೆಸುತ್ತ ಅವರು ಆ ಮಣ್ಣನ್ನು ಮೊದಲ ಬಾರಿಗೆ ನೋಡುತ್ತಿರುವುದು ಅವರಿಗೇ ತಿಳಿದುಬರುವುದು.