‘ನಾಳೆ ಬಾ’ ಎನ್ನುವ ನಗರಸಭೆ

ಒಂದು ಕಾಲದಲ್ಲಿ ನಮ್ಮ ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿಡುತ್ತಿದ್ದರು. ರಾತ್ರಿ ಬಾಗಿಲು ಬಡಿಯಲು ಬರುವ ದೆವ್ವ ಅದನ್ನೋದಿ ಹಿಂದಿರುಗುವುದು, ಮರುದಿನ ಬಂದರೆ ಅದೇ ಬರಹ ಕಂಡು ಮತ್ತೆ ಹಿಂದಿರುಗುವುದು ಎಂಬುದು ಜನರ ನಂಬಿಕೆ. ಈಗ ಆ ಬರಹ ಮನೆಯ ಬಾಗಿಲಿಂದ ಅಳಿಸಿಹೋಗಿ ನಗರಸಭೆಯ ಕಿಟಕಿಗೆ ವರ್ಗವಾಗಿದೆ. ವ್ಯತ್ಯಾಸವಿಷ್ಟೆ: ಅಲ್ಲಿ ಹಿಂದಿರುಗುತ್ತಿದ್ದುದು ದೆವ್ವ, ಇಲ್ಲಿ ಹಿಂದಿರುಗುತ್ತಿರುವವರು ತೆರಿಗೆ ಕಟ್ಟಿದ ನಾವು.

ಯಾವ ಜಿಲ್ಲಾ ಪಟ್ಟಣದ ನಗರಸಭೆಗಾದರೂ ಬೆಳಿಗ್ಗೆ ಹತ್ತೂವರೆಗೆ ಹೋಗಿ ನಿಂತು ನೋಡಿ. ಮಗುವಿನ ಜನನ ಪತ್ರದಲ್ಲಿ ಒಂದು ಅಕ್ಷರ ತಪ್ಪಿದೆಯೆಂದು ರಾತ್ರಿ ಪಾಳಿ ಮುಗಿಸಿ ನೇರವಾಗಿ ಬಂದ ಗಿರಣಿ ಕೆಲಸಗಾರನಿರುತ್ತಾನೆ. ಲೈಸೆನ್ಸಿನ ನವೀಕರಣಕ್ಕೆಂದು ಅಂಗಡಿಯ ಬಾಗಿಲೆಳೆದು ಬಂದ ಕಿರಾಣಿ ವ್ಯಾಪಾರಿಯಿರುತ್ತಾನೆ. ತೀರಿಕೊಂಡ ಗಂಡನ ಹೆಸರಿನಿಂದ ತನ್ನ ಹೆಸರಿಗೆ ಖಾತೆ ಮಾಡಿಸಿಕೊಳ್ಳಲು ಬಂದ ಹೆಂಗಸಿರುತ್ತಾಳೆ. ಬೀದಿಯ ದೀಪ ಹತ್ತದೆ ತಿಂಗಳಾಯಿತೆಂದು ಹತ್ತು ಮನೆಯವರ ಸಹಿ ಹಾಕಿಸಿಕೊಂಡು ಬಂದ ಮುದುಕರಿರುತ್ತಾರೆ. ಇವರಲ್ಲಿ ಯಾರೂ ಅರಮನೆ ಕೇಳಲು ಬಂದವರಲ್ಲ. ಇವರಿಗೆಲ್ಲ ಸಿಗುವ ಉತ್ತರ ಒಂದೇ: ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಸರ್ವರ್ ಇಲ್ಲ, ಗುಮಾಸ್ತರು ರಜೆ, ನಾಳೆ ಬನ್ನಿ.

ಈ ‘ನಾಳೆ’ಯ ಬೆಲೆಯೇನೆಂದು ಕುರ್ಚಿಯಲ್ಲಿ ಕುಳಿತವರು ಎಂದಾದರೂ ಲೆಕ್ಕ ಹಾಕಿದ್ದಾರೆಯೆ? ಸಂಬಳದವರಿಗೆ ನಾಳೆಯೆಂದರೆ ಬರೀ ಇನ್ನೊಂದು ದಿನ. ದಿನಗೂಲಿಯವನಿಗೆ ಅದು ಒಂದು ದಿನದ ಅನ್ನ. ಮೂರು ಸಲ ‘ನಾಳೆ ಬಾ’ ಎಂದರೆ ಮೂರು ದಿನದ ಕೂಲಿ ಹೋಯಿತು. ಚಿಕ್ಕ ಅಂಗಡಿಯವನಿಗೆ ಮೂರು ದಿನದ ಗಿರಾಕಿ ಎದುರಿನ ಅಂಗಡಿಗೆ ಹೋಯಿತು. ಯಾವ ಬಜೆಟ್ಟಿನಲ್ಲೂ ಕಾಣದ ತೆರಿಗೆ ಇದು. ಇದನ್ನು ಬಡವನೊಬ್ಬನೇ ಕಟ್ಟುತ್ತಾನೆ. ಸಿರಿವಂತನ ಕಾಗದ ಸಿರಿವಂತನನ್ನು ಕರೆಯದೆ ತಾನೇ ಮೆಟ್ಟಿಲೇರಿ, ಸಹಿ ಹಾಕಿಸಿಕೊಂಡು, ಇಳಿದು ಮನೆಗೆ ಬರುತ್ತದೆ.

ಇದೆಲ್ಲ ಸಣ್ಣ ವಿಷಯ, ಇದಕ್ಕೇಕೆ ಇಷ್ಟು ಕೂಗು ಎನ್ನುವವರಿದ್ದಾರೆ. ಸಣ್ಣದೆ? ಜನನ ಮರಣ ನೋಂದಣಿ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಯಿತು. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಗುವಿಗೆ ಶಾಲೆಯ ಪ್ರವೇಶ, ಮತದಾರರ ಪಟ್ಟಿ, ವಾಹನದ ಲೈಸೆನ್ಸು, ಸರ್ಕಾರಿ ನೌಕರಿ ಎಲ್ಲಕ್ಕೂ ಹುಟ್ಟಿದ ದಿನದ ರುಜುವಾತು ಆ ಒಂದು ಕಾಗದವೇ. ನಾವು ಮೇಷ್ಟರಾಗಿದ್ದ ಕಾಲದಲ್ಲಿ, ಪತ್ರ ಸರಿಯಿಲ್ಲವೆಂದು ಎಷ್ಟೋ ತಾಯಂದಿರನ್ನು ಶಾಲೆಯ ಬಾಗಿಲಿಂದ ನಗರಸಭೆಗೆ ಅಟ್ಟಿದ್ದೇವೆ. ನಿಯಮ ಪಾಲಿಸುತ್ತಿದ್ದೇವೆಂಬ ನೆಮ್ಮದಿ ನಮಗಿತ್ತು. ಆ ತಾಯಿ ಅಲ್ಲಿ ಎಷ್ಟು ದಿನ ಅಲೆದಳೆಂದು ನಾವು ಕೇಳಲಿಲ್ಲ. ಅದು ನಮ್ಮ ತಪ್ಪು. ಒಪ್ಪಿಕೊಂಡೇ ಮುಂದೆ ಬರೆಯುತ್ತೇವೆ.

ಓದುಗರು ಮೊದಲು ಒಂದು ಮಾತು ತಿಳಿಯಬೇಕು. ಬೀದಿ ದೀಪ ಹಚ್ಚುವುದು, ಚರಂಡಿ ಬಳಿಯುವುದು, ಕಸ ತೆಗೆಯುವುದು, ಜನನ ಮರಣ ಬರೆದಿಡುವುದು ನಗರಸಭೆಯ ಔದಾರ್ಯವಲ್ಲ. 1964ರ ಕರ್ನಾಟಕ ಪುರಸಭೆಗಳ ಕಾಯಿದೆ ಇವನ್ನು ಕಡ್ಡಾಯ ಕರ್ತವ್ಯಗಳೆಂದು ಬರೆದಿದೆ. ಜನನವನ್ನು 21 ದಿನಗಳೊಳಗೆ ತಿಳಿಸಿದರೆ ನೋಂದಣಿಗೆ ಕಾಸು ಕೊಡಬೇಕಾಗಿಲ್ಲ. ಹಾಗಿದ್ದೂ ನಮ್ಮ ಜನ ಅರ್ಜಿಯ ಕೊನೆಯಲ್ಲಿ ‘ತಾವು ದಯಮಾಡಿ ಕೃಪೆ ತೋರಬೇಕು’ ಎಂದು ಬರೆಯುತ್ತಾರೆ. ಸಾಲ ಕೊಟ್ಟವನು ಸಾಲಗಾರನ ಮುಂದೆ ಕೈಮುಗಿದು ನಿಂತಂತಾಯಿತು!

ಎರಡನೆಯ ಮಾತು. 2011ರಲ್ಲಿ ಕರ್ನಾಟಕದ ಶಾಸನಸಭೆ ನಾಗರಿಕ ಸೇವೆಗಳ ಖಾತರಿ ಕಾಯಿದೆ ಮಾಡಿತು. 2012ರ ಏಪ್ರಿಲ್‌ನಲ್ಲಿ ‘ಸಕಾಲ’ವೆಂಬ ಹೆಸರಿನಿಂದ ಅದು ರಾಜ್ಯಕ್ಕೆಲ್ಲ ಜಾರಿಗೆ ಬಂತು. ಪ್ರತಿ ಸೇವೆಗೂ ಇಷ್ಟು ದಿನವೆಂದು ಗಡುವು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಅರ್ಜಿದಾರನಿಗೆ ಪರಿಹಾರ. ಆ ಹಣವನ್ನು ತಡಮಾಡಿದ ನೌಕರನಿಂದಲೇ ವಸೂಲು ಮಾಡತಕ್ಕದ್ದು. ಒಳ್ಳೆಯ ಕಾಯಿದೆ. ಇಲ್ಲವೆನ್ನುವುದಿಲ್ಲ. ಆದರೆ ಅದರೊಳಗಿನ ಇನ್ನೊಂದು ಸಾಲನ್ನೂ ಓದಬೇಕು: ಒಂದು ಅರ್ಜಿಗೆ ಒಟ್ಟು ಪರಿಹಾರ 500 ರೂಪಾಯಿ ಮೀರಕೂಡದು. 20ರಂತೆ 500 ಆಗಲು 25 ದಿನ. ಇಪ್ಪತ್ತಾರನೆಯ ದಿನದಿಂದ ನಿಮ್ಮ ಅರ್ಜಿ ಆರು ತಿಂಗಳು ಬಿದ್ದಿದ್ದರೂ, ಆರು ವರ್ಷ ಬಿದ್ದಿದ್ದರೂ ಪರಿಹಾರ ಒಂದು ಕಾಸೂ ಬೆಳೆಯುವುದಿಲ್ಲ. ಅದೇ ನಾವು ಮನೆ ಕಂದಾಯವನ್ನು ತಡಮಾಡಿದರೆ? ದಂಡದ ಮೀಟರು ತಿಂಗಳು ತಿಂಗಳೂ ಓಡುತ್ತದೆ. ನಮ್ಮ ತಡಕ್ಕೊಂದು ಗಡಿಯಾರ, ಅವರ ತಡಕ್ಕೊಂದು ಗಡಿಯಾರ. ಇದು ಯಾವ ನ್ಯಾಯ?

ಹೋಗಲಿ, ಆ 500 ರೂಪಾಯಿಯಾದರೂ ಎಷ್ಟು ಜನರ ಕೈಗೆ ಬಂದಿದೆ? ನಮ್ಮ ಬೀದಿಯಲ್ಲಿ ವಿಚಾರಿಸಿದೆವು. ಪಡೆದವರೊಬ್ಬರೂ ಸಿಗಲಿಲ್ಲ, ಹಾಗೊಂದು ಪರಿಹಾರವಿದೆಯೆಂದು ಕೇಳಿದವರೇ ಕಡಿಮೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಗುಟ್ಟು ಇರುವುದು ರಸೀತಿಯಲ್ಲಿ. ಸಕಾಲದ ಸಂಖ್ಯೆ ಬರೆದ ಸ್ವೀಕೃತಿ ಕೊಟ್ಟ ದಿನದಿಂದ ಗಡುವು ಓಡಲು ಶುರು. ಆದ್ದರಿಂದ ಬುದ್ಧಿವಂತರು ಸ್ವೀಕೃತಿಯನ್ನೇ ಕೊಡುವುದಿಲ್ಲ. ‘ಅರ್ಜಿ ಇಲ್ಲಿಟ್ಟು ಹೋಗಿ, ನೋಡೋಣ’ ಎನ್ನುತ್ತಾರೆ. ಅಲ್ಲಿಟ್ಟು ಬಂದ ಅರ್ಜಿ ಸರ್ಕಾರದ ಕಣ್ಣಿಗೆ ಹುಟ್ಟಿಯೇ ಇಲ್ಲ. ಹುಟ್ಟದ್ದಕ್ಕೆ ಸಾವೆಲ್ಲಿ, ದಂಡವೆಲ್ಲಿ?

ಈ ವಿಳಂಬ ಬರೀ ಸೋಮಾರಿತನವೆಂದು ತಿಳಿದರೆ ನಾವು ಮೋಸಹೋದಂತೆ. ವಿಳಂಬವೊಂದು ಬಂಡವಾಳ, ಅದರಿಂದ ಲಾಭ ತೆಗೆಯುವವರಿದ್ದಾರೆ. ಕಿಟಕಿಯಲ್ಲಿ ಕೆಲಸ ತಾನಾಗಿ ನಡೆದರೆ ದಲ್ಲಾಳಿಗೇನು ಕೆಲಸ? ವಾರ್ಡಿನ ಪುಢಾರಿಗೆ ಯಾರು ನಮಸ್ಕರಿಸುತ್ತಾರೆ? ನಿಮ್ಮ ಹಕ್ಕಿನ ಕಾಗದವನ್ನು ಒಳಗಿಂದ ತಂದು ನಿಮಗೇ ಉಪಕಾರವೆಂಬಂತೆ ಕೊಟ್ಟು, ಚುನಾವಣೆ ಬಂದಾಗ ಆ ಉಪಕಾರವನ್ನು ಬಡ್ಡಿ ಸಮೇತ ಕೇಳುವುದು ಇವರ ರಾಜಕೀಯ. ಬಾಗಿಲು ಮುಚ್ಚಿದ್ದಷ್ಟೂ ಬೀಗದ ಕೈ ಇಟ್ಟುಕೊಂಡವನ ಬೆಲೆ ಹೆಚ್ಚು.

ಬೀದಿಬದಿಯ ವ್ಯಾಪಾರಿಯ ಪಾಡು ಇನ್ನೂ ಕಷ್ಟ. 2014ರ ಬೀದಿ ವ್ಯಾಪಾರಿಗಳ ಕಾಯಿದೆಯ ಪ್ರಕಾರ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಎಬ್ಬಿಸಬೇಕಾದರೆ 30 ದಿನದ ನೋಟೀಸು ಬೇಕು. ಸಾಮಾನು ವಶಪಡಿಸಿಕೊಂಡರೆ ಪಟ್ಟಿ ಬರೆದುಕೊಡಬೇಕು. ಹಣ್ಣು ತರಕಾರಿಯಾದರೆ ಕೇಳಿದ ದಿನವೇ ಹಿಂದಿರುಗಿಸಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಆರಿಸಿದ ಪ್ರತಿನಿಧಿಗಳಿರಬೇಕು. ಆದರೆ ತಳ್ಳುಗಾಡಿಯವನಿಗೆ ಈ ಕಾಯಿದೆಯ ದರ್ಶನವಾಗುವುದು ಯಾವಾಗ? ಲಾರಿ ಬಂದು ಗಾಡಿಯನ್ನು ಎತ್ತಿಕೊಂಡು ಹೋದ ಮೇಲೆ.

ಇನ್ನು, ಪ್ರಶ್ನೆ ಕೇಳಬೇಕಾದ ಸಭೆಯ ಕಥೆ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಐದು ವರ್ಷದ ಅವಧಿ ಮುಗಿಯುವುದರೊಳಗೆ ಚುನಾವಣೆ ನಡೆಯಬೇಕೆಂದಿತು. ನಡೆದದ್ದೇನು? 2018ರ ಆಗಸ್ಟ್ 31ರಂದು ರಾಜ್ಯದ ನೂರಕ್ಕೂ ಹೆಚ್ಚು ಪಟ್ಟಣಗಳಲ್ಲಿ ಜನ ಸಾಲುನಿಂತು ಮತ ಹಾಕಿದರು. ಅಧ್ಯಕ್ಷರ ಮೀಸಲಾತಿ ಪಟ್ಟಿ ನ್ಯಾಯಾಲಯದ ಮೆಟ್ಟಿಲೇರಿತು. ಅಧ್ಯಕ್ಷರು ಕುರ್ಚಿ ಏರುವಾಗ 2020 ಮುಗಿಯುತ್ತ ಬಂದಿತ್ತು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಪಾಲಿಕೆಗಳಿಗೆ 2021ರ ಸೆಪ್ಟೆಂಬರಿನಲ್ಲಿ ಮತದಾನವಾಯಿತು. ಹುಬ್ಬಳ್ಳಿ-ಧಾರವಾಡಕ್ಕೆ ಮೇಯರ್ ಬಂದದ್ದು 2022ರಲ್ಲಿ, ಉಳಿದೆರಡಕ್ಕೆ 2023ರಲ್ಲಿ. ಬೆಂಗಳೂರಿನ ಪಾಲಿಕೆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಆ ಪಾಲಿಕೆಯನ್ನೇ ಐದಾಗಿ ಒಡೆಯುವವರೆಗೂ ಚುನಾವಣೆ ನಡೆಯಲಿಲ್ಲ. ಈ ಸಂದುಗಳಲ್ಲೆಲ್ಲ ಆಡಳಿತಾಧಿಕಾರಿಯದೇ ರಾಜ್ಯ. ಬಡವನ ಅರ್ಜಿಗೆ ‘ನಾಳೆ ಬಾ’ ಎಂದವರು ಅವನ ಮತಕ್ಕೂ ‘ನಾಳೆ ಬಾ’ ಎಂದರು!

ಸಿಬ್ಬಂದಿ ಸಾಲದು ಎಂಬ ಉತ್ತರ ಬರುತ್ತದೆ. ಒಂದು ಮೇಜಿನವನಿಗೆ ಮೂರು ಮೇಜಿನ ಕೆಲಸ ಹೊರಿಸಿರುವುದನ್ನು ನಾವೂ ಕಂಡಿದ್ದೇವೆ. ಗುಮಾಸ್ತನೂ ಪೌರಕಾರ್ಮಿಕನೂ ನಮ್ಮ ವೈರಿಗಳಲ್ಲ. ಬೆಳಗಿನ ಜಾವ ನಮ್ಮ ಹೊಲಸು ಎತ್ತುವವರು ನಮ್ಮವರೇ. ಆದರೆ ಹುದ್ದೆ ಖಾಲಿ ಬಿಟ್ಟವರು ಯಾರು? ಕಂದಾಯ ವಸೂಲಿಗೆ ಸಿಗುವ ಜನ ರಸೀತಿ ಬರೆಯಲು ಏಕೆ ಸಿಗುವುದಿಲ್ಲ? ಸಿಟ್ಟು ಕಿಟಕಿಯ ಮೇಲಲ್ಲ, ಕಿಟಕಿಯ ಹಿಂದೆ ಮೇಲ್ಮಹಡಿಯಲ್ಲಿ ಕುಳಿತವರ ಮೇಲೆ ಹರಿಯಬೇಕು.

ಹಾಗಾದರೆ ಮಾಡಬೇಕಾದದ್ದೇನು? ಮೊದಲನೆಯದು: ಸ್ವೀಕೃತಿಯಿಲ್ಲದೆ ಯಾರೂ ಅರ್ಜಿ ಕೊಟ್ಟು ಬರಬೇಡಿ. ಎರಡನೆಯದು: ಒಬ್ಬೊಬ್ಬರೇ ಹೋಗಬೇಡಿ. ಒಂದು ಬೀದಿಯವರು, ಒಂದು ಪಾಳಿಯವರು, ಒಂದು ಸಂತೆಯ ವ್ಯಾಪಾರಿಗಳು ಒಟ್ಟಾಗಿ ಒಂದೇ ದಿನ ಹೋಗಿ. ಒಬ್ಬನಿಗೆ ‘ನಾಳೆ ಬಾ’ ಎನ್ನುವುದು ಸುಲಭ. ಐವತ್ತು ಜನರಿಗೆ ಹೇಳಲು ಗಂಟಲು ಕಟ್ಟುತ್ತದೆ. ಮೂರನೆಯದು: ಗಡುವು ಮೀರಿದ ದಿನವೇ ಮೇಲ್ಮನವಿ ಹಾಕಿ ಪರಿಹಾರ ಕೇಳಿ. ಇಪ್ಪತ್ತೇ ರೂಪಾಯಿಯಾದರೂ ಬಿಡಬೇಡಿ. ಅದು ಹಣದ ಮಾತಲ್ಲ, ಯಾರು ಯಾರಿಗೆ ಸಾಲಗಾರರೆಂಬ ಮಾತು. ನಾಲ್ಕನೆಯದು: ಅರ್ಜಿ ಎಲ್ಲಿ, ಯಾರ ಮೇಜಿನ ಮೇಲೆ, ಎಷ್ಟು ದಿನದಿಂದ ಇದೆಯೆಂದು 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಬರೆದು ಕೇಳಿ, 30 ದಿನದಲ್ಲಿ ಉತ್ತರ ಕೊಡಲೇಬೇಕು.

ಬರೆಯಲು ಬಾರದವರು ಸಂಜೆ ಪಕ್ಷದ ಕಚೇರಿಗೆ ಬನ್ನಿ. ಕಾಗದ, ಲೇಖನಿ, ಬರೆದುಕೊಡುವ ಕೈ ಎಲ್ಲವೂ ಅಲ್ಲಿವೆ. ಒಂದೇ ಷರತ್ತು: ‘ದಯಮಾಡಿ’ ಎಂಬ ಪದವನ್ನು ನಾವು ಬರೆಯುವುದಿಲ್ಲ. ‘ಕಾಯಿದೆಯ ಪ್ರಕಾರ’ ಎಂದು ಬರೆಯುತ್ತೇವೆ. ಬರೆದ ಮೇಲೆ ನಾಳೆ ಅಲ್ಲ, ಅಂದೇ ನಿಮ್ಮ ಕೈಗೆ ಕೊಡುತ್ತೇವೆ.