ಎರಡು ಬೆರಳಿನ ಜಾಗ: ಒಲಿಂಪಿಕ್ಸ್‌ನಿಂದ ರೇಸ್‌ಕೋರ್ಸ್‌ವರೆಗೆ ಕುದುರೆಯ ಲೆಕ್ಕ ಇಡುವವರು ಯಾರು?

2024ರ ಜುಲೈ 23. ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆಗೆ ಮೂರೇ ದಿನ ಬಾಕಿ. ಆರು ಒಲಿಂಪಿಕ್ ಪದಕ ಗೆದ್ದಿದ್ದ ಬ್ರಿಟನ್ನಿನ ಸವಾರೆ ಶಾರ್ಲೆಟ್ ಡುಜಾರ್ಡಿನ್ ಕೂಟದಿಂದ ಹಿಂದೆ ಸರಿದರು. ಇನ್ನೊಂದು ಪದಕ ಸಿಕ್ಕಿದ್ದರೆ ಬ್ರಿಟನ್ನಿನ ಅತಿ ಹೆಚ್ಚು ಒಲಿಂಪಿಕ್ ಪದಕ ಗೆದ್ದ ಮಹಿಳೆ ಅನ್ನೋ ದಾಖಲೆ ಅವರದೊಬ್ಬರದೇ ಆಗುತ್ತಿತ್ತು. ಹಿಂದೆ ಸರಿಯಲು ಕಾರಣ ಒಂದು ಹಳೆಯ ವಿಡಿಯೊ. ತರಬೇತಿ ಕೊಡುವಾಗ ನೆಲದ ಮೇಲೆ ನಿಂತು, ಉದ್ದನೆಯ ಚಾವಟಿಯಿಂದ ಕುದುರೆಯ ಕಾಲಿಗೆ ಒಂದೇ ನಿಮಿಷದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಲ ಹೊಡೆದದ್ದು ಅದರಲ್ಲಿತ್ತು. ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ, ಅಂದರೆ ಎಫ್‌ಇಐ, ತಕ್ಷಣ ಅವರನ್ನು ಅಮಾನತು ಮಾಡಿತು. ಡಿಸೆಂಬರ್‌ನಲ್ಲಿ ಒಂದು ವರ್ಷದ ನಿಷೇಧ, 10,000 ಸ್ವಿಸ್ ಫ್ರಾಂಕ್ ದಂಡ ಅಂತ ತೀರ್ಮಾನವಾಯಿತು. ಅವರು ತಪ್ಪೊಪ್ಪಿಕೊಂಡು ಕ್ಷಮೆ ಕೇಳಿದ್ದರು.

ಕತೆ ಇಲ್ಲಿಗೆ ಮುಗಿಯಿತು ಅಂದುಕೊಳ್ಳುವುದು ಸುಲಭ. ಒಬ್ಬರು ತಪ್ಪು ಮಾಡಿದರು, ಸಿಕ್ಕಿಬಿದ್ದರು, ಶಿಕ್ಷೆಯಾಯಿತು. ಆದರೆ ಆ ವಿಡಿಯೊ ನಾಲ್ಕು ವರ್ಷ ಹಳೆಯದು ಅಂತ ಅವರೇ ಹೇಳಿದ್ದು. ಆ ನಾಲ್ಕು ವರ್ಷಗಳಲ್ಲಿ ಅದನ್ನು ಕಂಡುಹಿಡಿದದ್ದು ಒಕ್ಕೂಟವಲ್ಲ, ತೀರ್ಪುಗಾರರಲ್ಲ, ಪಶುವೈದ್ಯರೂ ಅಲ್ಲ. ಯಾರದೋ ಕೈಯಲ್ಲಿದ್ದ ಒಂದು ಫೋನು. ಒಂದು ವ್ಯವಸ್ಥೆಯ ದೋಷ ಪ್ರತಿ ಸಲವೂ ಹೊರಗಿನವರ ಕ್ಯಾಮೆರಾದಲ್ಲಷ್ಟೇ ಕಾಣಿಸುತ್ತದೆ ಅಂದರೆ ಆ ವ್ಯವಸ್ಥೆಯೊಳಗೆ ಸೆನ್ಸರೇ ಇಲ್ಲ ಅಂತ ಅರ್ಥ. (ಎಂಜಿನಿಯರಿಂಗ್ ಬಿಟ್ಟು ಪತ್ರಿಕೋದ್ಯಮಕ್ಕೆ ಬಂದವನಿಗೆ ಈ ಚಟ ಹೋಗಲ್ಲ, ಸಹಿಸಿಕೊಳ್ಳಿ.)

ಅದಕ್ಕೂ ಮೂರು ವರ್ಷ ಹಿಂದೆ, ಟೋಕಿಯೊದಲ್ಲಿ, ಮಾಡರ್ನ್ ಪೆಂಟಾಥ್ಲಾನ್‌ನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಜರ್ಮನಿಯ ಅನಿಕಾ ಶ್ಲೋಯ್ ಮುನ್ನಡೆಯಲ್ಲಿದ್ದರು. ಈ ಆಟದಲ್ಲಿ ಸವಾರರಿಗೆ ಸ್ವಂತ ಕುದುರೆ ಇರುತ್ತಿರಲಿಲ್ಲ, ಚೀಟಿ ಎತ್ತಿ ಕೊಟ್ಟ ಅಪರಿಚಿತ ಕುದುರೆಯ ಜೊತೆ ಇಪ್ಪತ್ತು ನಿಮಿಷದಲ್ಲಿ ಹೊಂದಿಕೊಂಡು ಜಿಗಿಸಬೇಕಿತ್ತು. ಸೇಂಟ್ ಬಾಯ್ ಎಂಬ ಆ ಕುದುರೆ ಅದೇ ದಿನ ಇನ್ನೊಬ್ಬ ಸವಾರರ ಜೊತೆಗೂ ಜಿಗಿಯಲು ನಿರಾಕರಿಸಿತ್ತು. ಶ್ಲೋಯ್ ಅಳುತ್ತಾ ಚಾವಟಿ ಬೀಸಿದರು. ಬೇಲಿಯಾಚೆ ನಿಂತಿದ್ದ ಕೋಚ್ ಕಿಮ್ ರೈಸ್ನರ್ ‘ಹೊಡಿ’ ಅಂತ ಕೂಗಿ, ತಾವೂ ಕುದುರೆಗೆ ಒಂದು ಗುದ್ದು ಕೊಟ್ಟು ಕೂಟದಿಂದ ಹೊರಬಿದ್ದರು. ಜಗತ್ತು ಟಿವಿಯಲ್ಲಿ ನೋಡಿತು. ಪರಿಣಾಮ ಏನಾಯ್ತು ಅಂದರೆ, 1912ರಿಂದ ಆ ಆಟದ ಭಾಗವಾಗಿದ್ದ ಕುದುರೆ ಸವಾರಿಯೇ ಪ್ಯಾರಿಸ್‌ನ ನಂತರ ಹೋಯಿತು. 2028ರ ಲಾಸ್ ಏಂಜಲೀಸ್‌ನಲ್ಲಿ ಅದರ ಬದಲು ಮನುಷ್ಯರೇ ಗೋಡೆ ಹತ್ತಿ ಇಳಿಯುವ ಅಡೆತಡೆ ಓಟ ಇರುತ್ತದೆ.

ಎರಡೂ ಘಟನೆಗಳಲ್ಲಿ ಕಣ್ಣಿಗೆ ಬಿದ್ದದ್ದು ಚಾವಟಿ. ಆದರೆ ನನಗೆ ಹೆಚ್ಚು ಕಾಡುವುದು ಕಣ್ಣಿಗೆ ಬೀಳದ ಇನ್ನೊಂದು ವಸ್ತು. ಅದರ ಹೆಸರು ನೋಸ್‌ಬ್ಯಾಂಡ್, ಕುದುರೆಯ ಮೂಗಿನ ಸುತ್ತ ಕಟ್ಟುವ ಚರ್ಮದ ಪಟ್ಟಿ.

ಇದು ಯಾಕೆ ಮುಖ್ಯ ಅಂತ ತಿಳಿಯಬೇಕಾದರೆ ಕುದುರೆ ಹೇಗೆ ಕಲಿಯುತ್ತದೆ ಅನ್ನೋದು ಗೊತ್ತಿರಬೇಕು. ಲಗಾಮು ಎಳೆದಾಗ ಬಾಯಲ್ಲಿರುವ ಕಡಿವಾಣ ನಾಲಿಗೆ ಮತ್ತು ವಸಡನ್ನು ಒತ್ತುತ್ತದೆ. ಕುದುರೆ ನಿಧಾನ ಮಾಡಿದ ತಕ್ಷಣ ಸವಾರ ಲಗಾಮು ಸಡಿಲ ಬಿಡಬೇಕು. ಕುದುರೆಗೆ ಪಾಠ ಸಿಗೋದು ಆ ಒತ್ತಡದಿಂದಲ್ಲ, ಒತ್ತಡ ಹೋದ ಕ್ಷಣದಿಂದ. ‘ಓ, ಹೀಗೆ ಮಾಡಿದರೆ ನೋವು ನಿಲ್ಲುತ್ತದೆ’ ಅನ್ನೋದೇ ಅದರ ಪಾಠ. ಸಡಿಲ ಬಿಡದೆ ಎಳೆಯುತ್ತಲೇ ಇದ್ದರೆ ಕುದುರೆ ಮೊದಲು ಬಾಯಿ ಬಿಡುತ್ತದೆ, ತಲೆ ಕೊಡವುತ್ತದೆ, ಬಾಲ ಬೀಸುತ್ತದೆ. ಅಂದರೆ ಅದು ‘ಸಿಗ್ನಲ್’ ಕೊಡುತ್ತಿದೆ. ಏನು ಮಾಡಿದರೂ ನೋವು ನಿಲ್ಲದಿದ್ದರೆ ಕೊನೆಗೆ ಸುಮ್ಮನಾಗುತ್ತದೆ. ನೋಡುವವರು ಅದನ್ನು ವಿಧೇಯತೆ ಅಂತಾರೆ.

ಈಗ ಡ್ರೆಸಾಜ್ ಎಂಬ ಸ್ಪರ್ಧೆಯಲ್ಲಿ ಕುದುರೆ ಬಾಯಿ ಬಿಟ್ಟರೆ ಅಂಕ ಹೋಗುತ್ತದೆ. ಬಾಯಿ ಬಿಡದಂತೆ ಮಾಡೋಕೆ ಎರಡು ದಾರಿ: ಒಂದು, ಕೈ ಹಗುರ ಮಾಡಿಕೊಳ್ಳುವುದು. ಇನ್ನೊಂದು, ಪಟ್ಟಿ ಬಿಗಿ ಮಾಡುವುದು. ಎರಡನೆಯದು ಅಗ್ಗ, ಬೇಗ ಆಗುತ್ತದೆ. ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಎಂಜಿನ್ ಲೈಟ್ ಉರಿದರೆ ಅದರ ಮೇಲೆ ಒಂದು ಕಪ್ಪು ಟೇಪ್ ಅಂಟಿಸಿದ ಹಾಗೆ.

ಹಳೆಯ ಪಾಠ ಇದಕ್ಕೆ ಒಂದು ಮಿತಿ ಹೇಳಿತ್ತು. ಮೂಗಿನ ಮೂಳೆಗೂ ಪಟ್ಟಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಇರಬೇಕು. ಎಷ್ಟು ಜನ ಪಾಲಿಸುತ್ತಿದ್ದರು? 2017ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಐರ್ಲೆಂಡ್, ಇಂಗ್ಲೆಂಡ್, ಬೆಲ್ಜಿಯಂನ ಸ್ಪರ್ಧೆಗಳಲ್ಲಿ 750 ಕುದುರೆಗಳ ಪಟ್ಟಿಯನ್ನು ಅಳತೆಪಟ್ಟಿ ಇಟ್ಟು ನೋಡಿದ್ದರು. ಎರಡು ಬೆರಳಿನ ಜಾಗ ಇದ್ದದ್ದು ಶೇ 7ರಷ್ಟು ಕುದುರೆಗಳಿಗೆ ಮಾತ್ರ. ಶೇ 44ರಷ್ಟು ಕುದುರೆಗಳಲ್ಲಿ ಅಳತೆಪಟ್ಟಿಯ ತುದಿಯೂ ಒಳಗೆ ಹೋಗಲಿಲ್ಲ. ಇದು ಒಬ್ಬಿಬ್ಬರು ಕ್ರೂರಿಗಳ ಸಮಸ್ಯೆ ಅಲ್ಲ. ಅಂಕ ಕೊಡುವ ಪದ್ಧತಿಯೇ ಬಿಗಿ ಪಟ್ಟಿಗೆ ಬಹುಮಾನ ಕೊಡುತ್ತಿತ್ತು.

ಎಫ್‌ಇಐ ಕೊನೆಗೆ 2025ರಲ್ಲಿ ಒಂದು ಸರಳ ಉಪಕರಣ ತಂದಿತು. ಮೆಕ್ಯಾನಿಕಲ್ ಓದಿದವರು ಮೆಟ್ರಾಲಜಿ ಲ್ಯಾಬ್‌ನಲ್ಲಿ ‘ಗೋ–ನೋ ಗೋ ಗೇಜ್’ ಹಿಡಿದಿರುತ್ತೀರಿ. ತೂರಿದರೆ ಪಾಸು, ತೂರದಿದ್ದರೆ ಫೇಲು. ಇದೂ ಹಾಗೆಯೇ. ಮೂಗಿನ ಮೇಲ್ಭಾಗದಲ್ಲಿ ಪಟ್ಟಿಯ ಕೆಳಗೆ ಅದನ್ನು ತೂರಿಸಿ ನೋಡುತ್ತಾರೆ. ಅಧಿಕಾರಿಯ ಬೆರಳು ದಪ್ಪವೋ ಸಣ್ಣವೋ, ಸವಾರ ದೊಡ್ಡ ಹೆಸರಿನವರೋ ಅಲ್ಲವೋ ಅನ್ನೋ ಮಾತೇ ಬರಲ್ಲ. ಇಷ್ಟು ಸಣ್ಣ ವಸ್ತು ಬರೋಕೆ ಒಲಿಂಪಿಕ್ಸ್‌ನ ಇಷ್ಟು ದೊಡ್ಡ ಮುಜುಗರ ಬೇಕಾಯ್ತಾ ಅಂತ ಕೇಳಬಹುದು. ಬೇಕಾಯ್ತು.

ಇನ್ನೂ ಒಂದು ಮಾತು. ಅದೇ ಸಂಸ್ಥೆ ಅದೇ ವರ್ಷ ನವೆಂಬರ್‌ನಲ್ಲಿ, ಶೋ ಜಂಪಿಂಗ್‌ನಲ್ಲಿ ಕುದುರೆಯ ಮೈಮೇಲೆ ರಕ್ತ ಕಂಡರೆ ಹೊರಹಾಕುವ ನಿಯಮವನ್ನು ಸಡಿಲ ಮಾಡಲು ಮತ ಹಾಕಿತು. ಪ್ಯಾರಿಸ್‌ನಲ್ಲಿ ಬ್ರೆಜಿಲ್‌ನ ಒಬ್ಬ ಸವಾರ ಪಕ್ಕೆಯ ಮೇಲಿನ ಸಣ್ಣ ರಕ್ತದ ಕಲೆಗಾಗಿ ಹೊರಬಿದ್ದಿದ್ದರು. ಅಂಥ ಪ್ರಕರಣಗಳಲ್ಲಿ ಶಿಕ್ಷೆ ಅತಿಯಾಯಿತು ಅನ್ನೋದು ಸವಾರರ ವಾದ. ಇನ್ನು ಮುಂದೆ ಮೊದಲ ಸಲಕ್ಕೆ ಎಚ್ಚರಿಕೆ ದಾಖಲಾಗುತ್ತದೆ, ಮತ್ತೆ ಮತ್ತೆ ಆದರೆ ದಂಡ, ಅಮಾನತು. ವಾದದಲ್ಲಿ ಹುರುಳಿಲ್ಲ ಅಂತ ನಾನು ಹೇಳಲ್ಲ. ಸಣ್ಣ ಗೀಚು ಆಕಸ್ಮಿಕವಾಗಿಯೂ ಆಗಬಹುದು. ಆದರೆ ಒಂದು ಕೈಯಲ್ಲಿ ಗೇಜ್ ಕೊಟ್ಟು, ಇನ್ನೊಂದು ಕೈಯಲ್ಲಿ ಅತ್ಯಂತ ಸ್ಪಷ್ಟವಾದ ಗೆರೆಯನ್ನು ಅಳಿಸುವುದು ಯಾವ ತರ್ಕ? ರಕ್ತ ಇದೆಯೋ ಇಲ್ಲವೋ ಅನ್ನೋದಕ್ಕೆ ಗೇಜೂ ಬೇಡ.

ಚಾವಟಿಗೆ ಬರೋಣ. ‘ಕುದುರೆ ಚರ್ಮ ದಪ್ಪ, ಅದಕ್ಕೆ ನೋವಾಗಲ್ಲ’ ಅನ್ನೋದು ರೇಸ್ ವಲಯದ ಹಳೆಯ ಮಾತು. 2020ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮನುಷ್ಯನ ಮತ್ತು ಕುದುರೆಯ ಚರ್ಮವನ್ನು ಸೂಕ್ಷ್ಮದರ್ಶಕದಲ್ಲಿ ಹೋಲಿಸಿದರು. ನೋವು ಗ್ರಹಿಸುವ ಹೊರಪದರದಲ್ಲಿ ನರತುದಿಗಳ ಸಂಖ್ಯೆಯಲ್ಲೂ ದಪ್ಪದಲ್ಲೂ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ. ಅದೇ ವರ್ಷದ ಇನ್ನೊಂದು ಅಧ್ಯಯನ ಬ್ರಿಟನ್ನಿನಲ್ಲಿ ಚಾವಟಿ ಬಳಸದ ರೇಸ್‌ಗಳನ್ನು ಬಳಸಿದ ರೇಸ್‌ಗಳ ಜೊತೆ ಇಟ್ಟು ನೋಡಿತು. ಓಟದ ವೇಗವಾಗಲಿ, ಸುರಕ್ಷತೆಯಾಗಲಿ ಚಾವಟಿಯಿಂದ ಸುಧಾರಿಸಿದ್ದು ಕಾಣಲಿಲ್ಲ. ನಾರ್ವೆ 1982ರಲ್ಲೇ ಓಡಿಸಲು ಚಾವಟಿ ಹೊಡೆಯುವುದನ್ನು ನಿಷೇಧಿಸಿತ್ತು. ಅಲ್ಲಿ ರೇಸ್ ಏನೂ ನಿಂತುಹೋಗಲಿಲ್ಲ.

ಈಗ ನಮ್ಮ ಮನೆಯ ವಿಷಯ. 2017ರ ಆರಂಭದ ದಿನಗಳು ನಿಮ್ಮಲ್ಲಿ ಕೆಲವರಿಗೆ ನೆನಪಿರುತ್ತೆ. ಹೈಕೋರ್ಟ್ ಕಂಬಳಕ್ಕೆ ತಡೆ ಕೊಟ್ಟಿತ್ತು, ಕರಾವಳಿಯ ಹುಡುಗರು ಬೀದಿಗಿಳಿದಿದ್ದರು. ಆಗ ಎಲ್ಲೆಡೆ ಓಡಾಡಿದ ಪ್ರಶ್ನೆ ಒಂದೇ: ಕೋಣಕ್ಕೆ ಬೆತ್ತ ತಾಗಿದರೆ ಹಿಂಸೆ, ಬೆಂಗಳೂರಿನ ರೇಸ್‌ಕೋರ್ಸ್‌ನಲ್ಲಿ ಕುದುರೆಗೆ ಚಾವಟಿ ಬಿದ್ದರೆ ಕ್ರೀಡೆಯಾ?

ಪ್ರಶ್ನೆ ಸರಿಯಾದದ್ದೇ. ಕಾನೂನಿನ ಉತ್ತರ ಇದು: 2011ರ ಕೇಂದ್ರದ ಅಧಿಸೂಚನೆ ಪ್ರದರ್ಶನಕ್ಕೆ ಬಳಸಬಾರದ ಪ್ರಾಣಿಗಳ ಪಟ್ಟಿಗೆ ಎತ್ತನ್ನು ಸೇರಿಸಿತು, ಕುದುರೆಯನ್ನು ಸೇರಿಸಲಿಲ್ಲ. 2014ರ ಸುಪ್ರೀಂ ಕೋರ್ಟ್ ತೀರ್ಪು ಜಲ್ಲಿಕಟ್ಟಿನ ಬಗ್ಗೆ ಬಂದು ಅದರ ಬಿಸಿ ಕಂಬಳಕ್ಕೂ ತಟ್ಟಿತು. ಕುದುರೆ ರೇಸ್‌ಗೆ ಇದ್ದದ್ದು 2001ರ ಪ್ರದರ್ಶನ ಪ್ರಾಣಿಗಳ ನೋಂದಣಿ ನಿಯಮ. ಅದರ ಪ್ರಕಾರ ಲೈಸೆನ್ಸ್ ಇರುವ ಜಾಕಿ ಮಾತ್ರ, ಗಾಳಿಮೆತ್ತೆಯ ಚಾವಟಿಯಿಂದ ಮಾತ್ರ, ಮೂರಕ್ಕಿಂತ ಹೆಚ್ಚು ಸಲ ಇಲ್ಲ. ಅಂದರೆ ಗಣ್ಯರ ಆಟಕ್ಕೆ ‘ನಿಯಂತ್ರಣ’, ರೈತರ ಆಟಕ್ಕೆ ‘ನಿಷೇಧ’. ಇದರಲ್ಲಿ ವರ್ಗದ ವಾಸನೆ ಇಲ್ಲ ಅನ್ನೋರು ಮೂಗು ಪರೀಕ್ಷೆ ಮಾಡಿಸಿಕೊಳ್ಳಲಿ.

ಆದರೆ ಆ ಪ್ರಶ್ನೆ ಕೇಳಿದವರು ಅರ್ಧಕ್ಕೇ ನಿಲ್ಲಿಸಿದರು ಅನ್ನೋದೂ ಅಷ್ಟೇ ನಿಜ. ರಾಜ್ಯ ಕಾಯ್ದೆ ತಿದ್ದಿತು, 2023ರ ಮೇ 18ರಂದು ಸುಪ್ರೀಂ ಕೋರ್ಟ್‌ನ ಸಂವಿಧಾನ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು, ಪಟಾಕಿ ಹೊಡೆದೆವು. ಆಮೇಲೆ ರೇಸ್‌ಕೋರ್ಸ್‌ನ ಕುದುರೆ ಯಾರಿಗೂ ನೆನಪಾಗಲಿಲ್ಲ. ಅದು ಬರೀ ವಾದಕ್ಕೆ ಬೇಕಾಗಿದ್ದ ಕುದುರೆ.

2024ರಲ್ಲಿ ಮತ್ತೊಂದು ಅವಕಾಶ ಬಂತು. ರಾಜ್ಯ ಸರ್ಕಾರ ಬೆಂಗಳೂರಿನಲ್ಲಿ ರೇಸ್ ನಡೆಸಲು ಅನುಮತಿ ನಿರಾಕರಿಸಿ, ವಿಷಯ ಹೈಕೋರ್ಟ್ ಮೆಟ್ಟಿಲೇರಿತು. ಏನು ಚರ್ಚೆಯಾಯಿತು? ಬುಕ್ಕಿಗಳು, ಜಿಎಸ್‌ಟಿ ವಂಚನೆ, ಬೆಟ್ಟಿಂಗ್, ಸರ್ಕಾರಕ್ಕೆ ಬರುವ ಆದಾಯ, ನಗರದ ನಡುವಿನ ಬೆಲೆಬಾಳುವ ಜಾಗ, ಕೆಲಸಗಾರರ ಹೊಟ್ಟೆಪಾಡು. ಕೊನೆಯದು ನಿಜವಾಗಿಯೂ ಮುಖ್ಯ. ಅಲ್ಲಿನ ಕೆಲಸಗಾರರಿಗೆ ಇಎಸ್‌ಐ ಅನ್ವಯವಾಗುತ್ತದೆಯೇ ಅನ್ನೋದು ತೀರ್ಮಾನವಾಗಲು 2014ರಲ್ಲಿ ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಕುದುರೆಯ ಮೈ ತಿಕ್ಕಿ, ಅದರ ಕಾಲಿನ ಊತವನ್ನು ಮೊದಲು ಕಾಣುವವರು ಸೈಸ್‌ಗಳೇ. ಅವರ ಸ್ಥಿತಿ ಸುಧಾರಿಸದೆ ಕುದುರೆಯ ಸ್ಥಿತಿ ಸುಧಾರಿಸಲ್ಲ. ಆದರೆ ಇಷ್ಟೆಲ್ಲ ಚರ್ಚೆಯ ನಡುವೆ ಕುದುರೆ ಅನ್ನೋ ಪದ ಬಂದದ್ದು ‘ಕುದುರೆ ರೇಸ್’ ಎಂಬ ಜೋಡಿಪದದಲ್ಲಿ ಮಾತ್ರ.

ಸವಾರಿ ಕ್ರೀಡೆಯಲ್ಲಿ ನಮ್ಮವರು ಮೇಲೇರುತ್ತಿರುವ ಕಾಲ ಇದು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಏಷ್ಯನ್ ಗೇಮ್ಸ್‌ನಲ್ಲಿ ಎರಡು ಬೆಳ್ಳಿ ಗೆದ್ದರು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದರು. ಹಾಂಗ್‌ಝೌನಲ್ಲಿ ಡ್ರೆಸಾಜ್ ತಂಡಕ್ಕೆ ಚಿನ್ನ ಬಂತು. ನೋಡಿ ಕಲಿಯುವ ಮಕ್ಕಳು ಹೆಚ್ಚುತ್ತಾರೆ, ರೈಡಿಂಗ್ ಸ್ಕೂಲ್‌ಗಳೂ ಹೆಚ್ಚುತ್ತವೆ. ಅಲ್ಲಿ ಹತ್ತು ವರ್ಷದ ಮಗುವಿನ ಕೈಗೆ ಮೊದಲ ದಿನ ಏನು ಕೊಡುತ್ತಾರೆ, ಬಾಯಿ ಬಿಟ್ಟ ಕುದುರೆಯನ್ನು ತೋರಿಸಿ ‘ಹಟಮಾರಿ’ ಅಂತಾರೋ ‘ನೋವಾಗಿದೆ’ ಅಂತಾರೋ ಅನ್ನೋದು ಮುಂದಿನ ಮೂವತ್ತು ವರ್ಷ ನಿರ್ಧರಿಸುತ್ತದೆ. ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಸವಾರಿ ವೇಳೆ ಕುದುರೆ ತೋರುವ 24 ವರ್ತನೆಗಳ ಪಟ್ಟಿ ಮಾಡಿದ್ದಾರೆ. ಎಂಟು ಅಥವಾ ಹೆಚ್ಚು ಕಂಡರೆ ಎಲುಬು–ಸ್ನಾಯುಗಳಲ್ಲಿ ನೋವಿರುವ ಸಾಧ್ಯತೆ ಹೆಚ್ಚು. ಒಂದು ಪುಟದ ಪಟ್ಟಿ ಅದು. ಕನ್ನಡಕ್ಕೆ ತಂದು ಲಾಯದ ಗೋಡೆಗೆ ಅಂಟಿಸಲು ಎಷ್ಟು ಖರ್ಚಾಗುತ್ತೆ?

ಕಾನೂನಿನ ಕಡೆಯಿಂದ ಹೆಚ್ಚು ನಿರೀಕ್ಷೆ ಇಟ್ಟುಕೊಳ್ಳಬೇಡಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಪ್ರಾಣಿಯನ್ನು ಹೊಡೆದದ್ದು ಸಾಬೀತಾದರೆ ಮೊದಲ ತಪ್ಪಿಗೆ ದಂಡ 10 ರೂಪಾಯಿಯಿಂದ 50 ರೂಪಾಯಿ. ಹೌದು, ಐವತ್ತು. ಇದನ್ನು ಹೆಚ್ಚಿಸುವ ಕರಡು ಮಸೂದೆ 2022ರ ನವೆಂಬರ್‌ನಲ್ಲಿ ಜನರ ಅಭಿಪ್ರಾಯಕ್ಕೆ ಬಂದು ಅಲ್ಲೇ ಮಲಗಿದೆ.

ಹಾಗಾದರೆ ಎಲ್ಲ ನಿಲ್ಲಿಸಿಬಿಡಬೇಕಾ? ನಾನು ಆ ಪಕ್ಷದವನಲ್ಲ. ಕುದುರೆಯನ್ನು ಮಕ್ಕಳಂತೆ ನೋಡಿಕೊಳ್ಳುವ ಸವಾರರಿದ್ದಾರೆ. ನಿಷೇಧವಾದ ಮರುದಿನ ಆ ಕುದುರೆಗಳಿಗೆ ಮೇವು ಹಾಕುವವರು ಯಾರು ಅನ್ನೋದಕ್ಕೆ ನಿಷೇಧ ಕೇಳುವವರ ಹತ್ತಿರ ಉತ್ತರ ಇಲ್ಲ. ಆದರೆ ‘ನಮ್ಮನ್ನು ನಂಬಿ, ನಾವು ಪ್ರೀತಿಸುತ್ತೇವೆ’ ಅನ್ನೋದನ್ನು ಲೆಕ್ಕಪತ್ರದ ಬದಲು ಒಪ್ಪಿಕೊಳ್ಳಲು ಆಗಲ್ಲ. ಅಳೆದರೆ ಬದಲಾವಣೆ ಆಗುತ್ತದೆ ಅನ್ನೋದಕ್ಕೆ ಅಮೆರಿಕದ ರೇಸಿಂಗ್ ಸಾಕ್ಷಿ. ಅಲ್ಲಿ 2009ರಲ್ಲಿ ಪ್ರತಿ 1,000 ಸ್ಪರ್ಧಾರಂಭಗಳಿಗೆ ಸಾಯುತ್ತಿದ್ದ ಕುದುರೆಗಳು 2.00. ಲೆಕ್ಕ ಬಹಿರಂಗವಾಗುತ್ತಾ ಹೋಯಿತು. 2023ರಲ್ಲಿ ಚರ್ಚಿಲ್ ಡೌನ್ಸ್‌ನಲ್ಲಿ 12 ಕುದುರೆಗಳು ಸತ್ತಾಗ ರೇಸ್‌ಗಳನ್ನೇ ಬೇರೆ ಟ್ರ್ಯಾಕ್‌ಗೆ ಸಾಗಿಸಬೇಕಾಯಿತು. 2022ರಲ್ಲಿ ಶುರುವಾದ ರಾಷ್ಟ್ರೀಯ ಪ್ರಾಧಿಕಾರದ ವ್ಯಾಪ್ತಿಯ ಟ್ರ್ಯಾಕ್‌ಗಳಲ್ಲಿ 2024ರ ಸಂಖ್ಯೆ 0.90. ಸೊನ್ನೆ ಅಲ್ಲ. ಅರ್ಧಕ್ಕಿಂತ ಕಡಿಮೆ.

ನಮ್ಮ ರೇಸ್ ಪುಸ್ತಕ ತೆಗೆದು ನೋಡಿ. ಕುದುರೆಯ ತಂದೆ ಯಾರು, ತಾಯಿ ಯಾರು, ಎಷ್ಟು ಕಿಲೊ ಹೊತ್ತು ಓಡಿತು, ಜಾಕಿ ಯಾರು, ಕಳೆದ ಸಲ ಯಾವ ಸ್ಥಾನ, ಎಲ್ಲಾ ಇರುತ್ತದೆ. ಓಡಿದ ಸಮಯ ಸೆಕೆಂಡಿನ ಭಾಗಗಳ ಲೆಕ್ಕದಲ್ಲಿ ದಾಖಲಾಗುತ್ತದೆ. ಯಾಕೆಂದರೆ ದುಡ್ಡು ಕಟ್ಟುವವರಿಗೆ ಅದು ಬೇಕು. ಅದೇ ಕೋಷ್ಟಕಕ್ಕೆ ಮೂರು ಕಾಲಂ ಸೇರಿಸಲಿ: ಚಾವಟಿ ಎಷ್ಟು ಸಲ ಬಿತ್ತು, ಓಟದ ನಂತರ ಪಶುವೈದ್ಯರು ಏನು ಬರೆದರು, ನಿವೃತ್ತಿಯಾದ ಮೇಲೆ ಕುದುರೆ ಎಲ್ಲಿಗೆ ಹೋಯಿತು. ಮುಂದಿನ ಸಲ ರೇಸ್ ಲೈಸೆನ್ಸ್‌ನ ಕಡತ ಸರ್ಕಾರದ ಮೇಜಿಗೆ ಬಂದಾಗ ಷರತ್ತಾಗಿ ಇದನ್ನು ಬರೆಯೋಕೆ ಹೊಸ ಕಾಯ್ದೆ ಬೇಕಿಲ್ಲ.