ಅಣಕು ವಿಧಾನಸಭೆಯಲ್ಲಿ ಗದ್ದಲ ಮಾತ್ರ ಏಕೆ?

ಅಭ್ಯಾಸ ಬೋಧನೆಯ ದಿನಗಳಲ್ಲಿ ನಾನು ನೋಡಿದ ಅಣಕು ವಿಧಾನಸಭೆಗಳೆಲ್ಲ ಒಂದೇ ತರಹ. ವಿರೋಧ ಪಕ್ಷದ ಮಕ್ಕಳು ಮೇಜು ಕುಟ್ಟುತ್ತಾರೆ, ಧಿಕ್ಕಾರ ಕೂಗುತ್ತಾರೆ, ಸಭಾತ್ಯಾಗ ಮಾಡುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಟಿವಿಯಲ್ಲಿ ಕಂಡದ್ದನ್ನು ಮಕ್ಕಳು ಮಾಡುತ್ತಾರೆ, ಅದು ಸಹಜ. ಆದರೆ ಎರಡೂ ಕಡೆಯವರು ಕೂತು ಒಂದು ವಾಕ್ಯಕ್ಕೆ ಒಪ್ಪುವುದೂ ಶಾಸನಸಭೆಯ ಕೆಲಸವೇ. ಅದನ್ನು ಅಭಿನಯಿಸಲು ನಾವು ಕೊಡುವುದೇ ಇಲ್ಲ.

ನಾನು ಬಿಎಸ್ಸಿ ಓದಿದವನು, ಉದಾಹರಣೆಯಿಲ್ಲದ ಪಾಠ ನನಗೆ ರುಚಿಸದು. ಉದಾಹರಣೆ ನಮ್ಮ ತಲಕಾವೇರಿಯ ನೀರಿನದೇ ಇದೆ. 2016ರಲ್ಲಿ ಮಳೆ ಕೈಕೊಟ್ಟು ಹಾರಂಗಿ, ಹೇಮಾವತಿ, ಕಬಿನಿ, ಕೆ.ಆರ್.ಎಸ್. ನಾಲ್ಕರಲ್ಲೂ ಸೇರಿ ಉಳಿದದ್ದು 27.6 ಟಿ.ಎಂ.ಸಿ. ತಮಿಳುನಾಡಿಗೆ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶವಿತ್ತು. ಸಿದ್ದರಾಮಯ್ಯನವರ ಸರ್ಕಾರ ಕರೆದ ಸರ್ವಪಕ್ಷ ಸಭೆಯನ್ನು ಬಿಜೆಪಿ ಬಹಿಷ್ಕರಿಸಿತು. ಅದೇ ವಾರ, ಸೆಪ್ಟೆಂಬರ್ 23ರ ವಿಶೇಷ ಅಧಿವೇಶನದಲ್ಲಿ, ಕಾಂಗ್ರೆಸ್, ಬಿಜೆಪಿ, ಜೆಡಿಎಸ್ ಒಟ್ಟಾಗಿ ‘ನೀರು ಕುಡಿಯಲು ಮಾತ್ರ’ ಎಂಬ ನಿರ್ಣಯವನ್ನು ಎರಡೂ ಸದನಗಳಲ್ಲಿ ಸರ್ವಾನುಮತದಿಂದ ಅಂಗೀಕರಿಸಿದವು.

ಇದನ್ನು ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಹೇಳಿ ಮುಗಿಸಬಾರದು. ಎದುರಿಗೆ ಬೇರೆ ರಾಜ್ಯ ನಿಂತಾಗ ಒಂದಾಗುವುದು ಸುಲಭ, ಯಾರ ಮತವೂ ಹೋಗುವುದಿಲ್ಲ. ‘ಕುಡಿಯಲು ಮಾತ್ರ’ ಎಂದಮೇಲೆ ನಮ್ಮದೇ ನಾಲೆಗಳ ರೈತರಿಗೂ ಇಲ್ಲವೆಂದಾಯಿತಲ್ಲ? ಆದ್ದರಿಂದ ತರಗತಿಯಲ್ಲಿ ಒಬ್ಬ ಹುಡುಗ ಹಾರಂಗಿ ನಾಲೆಯ ರೈತನಾಗಲಿ, ಒಬ್ಬಳು ತಂಜಾವೂರಿನಲ್ಲಿ ಸಾಂಬಾ ಭತ್ತಕ್ಕೆ ನೀರು ಕಾಯುವವಳಾಗಲಿ. ಅವರ ಪ್ರಶ್ನೆಗಳನ್ನು ಕೇಳಿದ ಮೇಲೆ ಎರಡೂ ಪಕ್ಷಗಳು ನಿರ್ಣಯ ಬರೆಯಲಿ.

ಸಭೆಯ ಗಾತ್ರಕ್ಕೂ ನಮ್ಮ ಊರಿನದೇ ಲೆಕ್ಕವಿದೆ. ಕೊಡಗು ‘ಸಿ’ ದರ್ಜೆಯ ರಾಜ್ಯವಾಗಿದ್ದಾಗ, 1952ರಲ್ಲಿ, ಇಲ್ಲಿನ ವಿಧಾನಸಭೆಗೆ 24 ಸ್ಥಾನ: ಕಾಂಗ್ರೆಸ್ 15, ಪಕ್ಷೇತರರು 9. ಮಡಿಕೇರಿಯ ಮಕ್ಕಳಲ್ಲೇ ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ. ಒಂದೇ ನಿಯಮ ಸೇರಿಸಬೇಕು: ಒಂಬತ್ತು ಜನರೂ ಒಪ್ಪದೆ ನಿರ್ಣಯ ಪಾಸಾಗದು. ಇಲ್ಲದಿದ್ದರೆ ಹದಿನೈದು ಜನ ಕೈಯೆತ್ತಿ ಮುಗಿಸಿಬಿಡುತ್ತಾರೆ.

ತರಗತಿಗೆ ರಾಜಕೀಯ ತರಬೇಡಿ ಎಂದು ಹಿರಿಯ ಶಿಕ್ಷಕರೊಬ್ಬರು ನನ್ನ ಪಾಠ ಯೋಜನೆಯಲ್ಲಿದ್ದ ಪಕ್ಷಗಳ ಹೆಸರುಗಳನ್ನು ಹೊಡೆದುಹಾಕಿದರು. ಅವರ ಆತಂಕ ನನಗೆ ಅರ್ಥವಾಗುತ್ತದೆ, ಮನೆಯವರು ಜಗಳಕ್ಕೆ ಬಂದಾರು. ಆದರೆ ‘ಪಕ್ಷ ಅ’, ‘ಪಕ್ಷ ಆ’ ಎಂದು ಬರೆದರೆ ಯಾರು ಏನನ್ನು ಬಿಟ್ಟುಕೊಟ್ಟರು ಎಂದು ಮಕ್ಕಳು ಕೇಳುವುದೇ ಇಲ್ಲ. ಹೆಸರುಗಳು ಇರಲಿ. ಪಿರಿಯಡ್ ಎರಡು ಬೇಕು, ಎರಡನೆಯದು ನಿರ್ಣಯದ ಪದಗಳನ್ನು ಆರಿಸುವುದಕ್ಕೇ ಹೋಗುತ್ತದೆ.